ತೆರೆದ ಕಡತದ ಪರವಾಗಿ: ಏಳು ಆಕ್ಷೇಪಗಳಿಗೆ ಪ್ರತ್ಯುತ್ತರ

ಜಮೀನು, ನಿವೇಶನ, ಮನೆ ಕೊಳ್ಳುವ ಮತ್ತು ಅದಕ್ಕೆ ಸಾಲ ಪಡೆಯುವ ರೀತಿ ಕರ್ನಾಟಕದಲ್ಲಿ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಬುಡದಿಂದಲೇ ಬದಲಾಗಿದೆ. ಪಹಣಿ 'ಭೂಮಿ' ತಂತ್ರಾಂಶಕ್ಕೆ ಬಂತು. ನೋಂದಣಿ 'ಕಾವೇರಿ'ಗೆ ಬಂತು. ಹಳ್ಳಿಯ ಮನೆ ಇ-ಸ್ವತ್ತಿಗೂ ಪಟ್ಟಣದ ನಿವೇಶನ ಇ-ಆಸ್ತಿಗೂ ಸೇರಿದವು. ಬಿಲ್ಡರುಗಳ ಮೇಲೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಕಣ್ಣಿಟ್ಟಿತು. ಗೃಹಸಾಲದ ಬಡ್ಡಿ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಸಾಲಗಾರನೂ ನೋಡಬಹುದಾದ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ ತಂದಿತು.

ಇದೆಲ್ಲ ಬೇಡವಾಗಿತ್ತು ಎನ್ನುವ ದನಿ ಈಚೆಗೆ ಜೋರಾಗಿದೆ. 2024ರಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲಂತೂ ಸಬ್ ರಿಜಿಸ್ಟ್ರಾರ್ ಕಚೇರಿಯ ಅಂಗಳದಿಂದ ಪತ್ರಿಕೆಗಳ ಓದುಗರ ಅಂಕಣದವರೆಗೆ ಅದೇ ಮಾತು. ಹೀಗೆ ಹೇಳುವವರಲ್ಲಿ ಮುಚ್ಚಿದ ಕಡತದಿಂದ ಹೊಟ್ಟೆ ಹೊರೆದವರೂ ಇದ್ದಾರೆ, ಸರ್ವರ್ ಕೆಟ್ಟು ಮಗಳ ಮದುವೆಯ ಹೊತ್ತಿಗೆ ನಿವೇಶನ ಮಾರಲಾಗದೆ ನಿಜವಾಗಿ ನೊಂದವರೂ ಇದ್ದಾರೆ. ಮೊದಲಿನವರಿಗೆ ಉತ್ತರ ಕೊಡಬೇಕು, ಎರಡನೆಯವರಿಗೆ ನ್ಯಾಯ ಕೊಡಬೇಕು. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಅವರ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ತೆರೆದ ದಾಖಲೆಯಲ್ಲಿ ತಪ್ಪು ಕಂಡರೆ ಅದಕ್ಕೆ ಮದ್ದು ತಪ್ಪನ್ನು ತಿದ್ದುವುದು. ದಾಖಲೆಯನ್ನು ಮತ್ತೆ ಮುಚ್ಚುವುದು ಮದ್ದಲ್ಲ.

1. "ಹಿಂದೆ ಮನುಷ್ಯರ ನಡುವೆ ನಂಬಿಕೆ ಇತ್ತು, ಯಂತ್ರ ಅದನ್ನು ಕೊಂದಿತು"

ನಂಬಿಕೆ ಇತ್ತು ಎನ್ನುವುದು ಸರಿ. ಆದರೆ ಯಾರಿಗೆ ಯಾರ ಮೇಲೆ ಇತ್ತು ಎಂದು ಕೇಳಬೇಕು. ಭೂಮಿ ಯೋಜನೆ ಬರುವ ಮೊದಲು ರಾಜ್ಯದ ಜಮೀನಿನ ಲೆಕ್ಕ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ತನ್ನದೇ ಹೊಲದ ಪಹಣಿ ಬೇಕಾದ ರೈತ ಲೆಕ್ಕಿಗರು ಊರಿಗೆ ಬರುವ ದಿನ ಕಾಯಬೇಕಿತ್ತು, ಅವರ ಮರ್ಜಿ ಹಿಡಿಯಬೇಕಿತ್ತು. ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದರೆ ಹೊರಗಿನವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು 177 ತಾಲ್ಲೂಕುಗಳ ಕಂಪ್ಯೂಟರಿಗೆ ಸೇರಿ, 15 ರೂಪಾಯಿ ಕೊಟ್ಟರೆ ಯಾರಿಗೂ ಸಿಗುವಂತಾದಾಗ ಹೋದದ್ದು ನಂಬಿಕೆಯಲ್ಲ, ಹಂಗು.

ಪಟ್ಟಣದ ಕಥೆ ಇನ್ನೂ ಗಂಭೀರ. ಗೃಹಸಾಲಕ್ಕೆ ಮನೆಯನ್ನು ಅಡವಿಡುವ ಸಾಮಾನ್ಯ ರೀತಿಯೆಂದರೆ ಮೂಲ ಕ್ರಯಪತ್ರವನ್ನು ಬ್ಯಾಂಕಿನಲ್ಲಿ ಇಡುವುದು. ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಪತ್ರವನ್ನು ಕೈಗೆ ಕೊಟ್ಟರೆ ಸಾಕು, ಅಡಮಾನ ಆಗಿಹೋಗುತ್ತದೆ. ಅದನ್ನು ನೋಂದಾಯಿಸದೆ ಬಿಟ್ಟರೆ ಇಸಿ, ಅಂದರೆ ಋಣಭಾರ ಪತ್ರದಲ್ಲಿ ಅದು ಬರುವುದೇ ಇಲ್ಲ. ಕೊಳ್ಳುವವನು ಇಸಿ ತೆಗೆಸುತ್ತಾನೆ, 'ಯಾವ ಋಣಭಾರವೂ ಇಲ್ಲ' ಎಂಬ ನಮೂನೆ 16 ಕೈಗೆ ಬರುತ್ತದೆ, ನೆಮ್ಮದಿಯಿಂದ ಮುಂಗಡ ಕೊಡುತ್ತಾನೆ. ಅಷ್ಟರಲ್ಲಿ ಮೂಲಪತ್ರ ಒಂದು ಬ್ಯಾಂಕಿನ ತಿಜೋರಿಯಲ್ಲಿರುತ್ತದೆ, ಅದರ ನಕಲಿ ಬಣ್ಣದ ಪ್ರತಿ ಇನ್ನೊಂದು ಬ್ಯಾಂಕಿನಲ್ಲಿರುತ್ತದೆ. ಒಂದೇ ಮನೆಯ ಮೇಲೆ ಎರಡು, ಮೂರು ಸಾಲ ಎತ್ತುವ ವಂಚನೆ ನಡೆದದ್ದು ಈ ಕುರುಡುಜಾಗದಲ್ಲಿ. ಇದನ್ನು ತಡೆಯಲು 2011ರಲ್ಲಿ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ಆರಂಭವಾಯಿತು. ಬ್ಯಾಂಕುಗಳೂ ಗೃಹಸಾಲ ಸಂಸ್ಥೆಗಳೂ ತಮ್ಮಲ್ಲಿ ಅಡವಿಟ್ಟ ಆಸ್ತಿಯ ವಿವರವನ್ನು ಅಲ್ಲಿ ದಾಖಲಿಸಬೇಕು. ಅಲ್ಪ ಶುಲ್ಕ ಕಟ್ಟಿ ಸಾಮಾನ್ಯ ನಾಗರಿಕನೂ ಹುಡುಕಿ ನೋಡಬಹುದು.

ಇನ್ನೊಂದು ಮಾತು. ಹಳೆಯ ನಂಬಿಕೆಯ ವರ್ತುಲ ಊರಲ್ಲೇ ಇರುವ, ಕಚೇರಿಗೆ ಹೋಗಿ ಮಾತಾಡಬಲ್ಲ ಗಂಡಸರದ್ದು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ಹಕ್ಕು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಅದು ಬಂತು. ಆದರೆ ಗಂಡನ ಊರಿನಲ್ಲಿರುವ ಮಗಳಿಗೆ ತವರಿನ ಜಮೀನಿನ ಖಾತೆ ಬದಲಾದದ್ದು ತಿಳಿಯುತ್ತಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಇವತ್ತು ಅವಳು ತನ್ನ ಫೋನಿನಲ್ಲಿ ಸರ್ವೆ ನಂಬರ್ ಹಾಕಿ ಪಹಣಿ, ಮ್ಯುಟೇಶನ್ ಎರಡನ್ನೂ ನೋಡಬಲ್ಲಳು. ಮುಂಬೈಯಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುವ ಕರಾವಳಿಯ ಮಗನ ವಿಷಯವೂ ಅಷ್ಟೇ. ದೂರದಲ್ಲಿರುವವರ ಹಕ್ಕನ್ನು ಹಳೆಯ ನಂಬಿಕೆ ಕಾಯಲಿಲ್ಲ.

2. "ಹಳೆಯ ತಪ್ಪುಗಳನ್ನೇ ಕಂಪ್ಯೂಟರಿಗೆ ತುಂಬಿದ್ದಾರೆ"

ಈ ಆರೋಪದಲ್ಲಿ ಸತ್ಯವಿದೆ. ಹೆಸರಿನಲ್ಲಿ ಅಕ್ಷರ ತಪ್ಪಿದೆ, ತಂದೆಯ ಹೆಸರು ಮಗನದಾಗಿದೆ, ಪಹಣಿಯ ವಿಸ್ತೀರ್ಣಕ್ಕೂ ಆಕಾರಬಂದಿಗೂ ತಾಳೆಯಿಲ್ಲ, ನಾಲ್ಕು ತಲೆಮಾರಿನ ಜಂಟಿ ಖಾತೆ ಪೋಡಿಯಾಗದೆ ಹಾಗೇ ಇದೆ. ಆದರೆ ಈ ತಪ್ಪುಗಳನ್ನು ಕಂಪ್ಯೂಟರ್ ಹುಟ್ಟಿಸಲಿಲ್ಲ. ಕೆಲವು ಬೆರಳಚ್ಚುಗಾರರ ಕೈತಪ್ಪು. ಬಹಳಷ್ಟು ಪುಸ್ತಕದಲ್ಲೇ ಇದ್ದವು. ಅವು ಹಿಂದೆ ಹೊರಬೀಳುತ್ತಿದ್ದದ್ದು ಮಾರುವ ಹೊತ್ತಿನಲ್ಲಿ ಅಥವಾ ಸಿವಿಲ್ ಕೋರ್ಟಿನಲ್ಲಿ, ಹಣ ಕೈಬಿಟ್ಟ ಮೇಲೆ. ಈಗ ಹಣ ಕೊಡುವ ಮೊದಲೇ ಕಾಣುತ್ತಿವೆ.

ದಿಶಾಂಕ್ ಆ್ಯಪನ್ನೇ ನೋಡಿ. ಒಂದು ನಿವೇಶನದ ಮೇಲೆ ನಿಂತು ಅದನ್ನು ತೆರೆದರೆ ಕಾಲಕೆಳಗಿನ ಸರ್ವೆ ನಂಬರ್ ಬರುತ್ತದೆ, ಅದರಲ್ಲಿ ಖರಾಬು ಇದೆಯೇ, ಪಕ್ಕದಲ್ಲಿ ಕೆರೆಯಂಗಳವೋ ರಾಜಕಾಲುವೆಯೋ ಹಾದಿದೆಯೇ ಎಂದು ನಕ್ಷೆ ತೋರಿಸುತ್ತದೆ. ಅದು ಅಧಿಕೃತ ಅಳತೆಯಲ್ಲ, ಅಂಚುಗಳಲ್ಲಿ ಕೆಲವು ಅಡಿ ಆಚೀಚೆ ಇರಬಹುದು. ಆದರೂ ರಾಜಕಾಲುವೆಯ ಮೇಲೆ ಕಟ್ಟಿದ ಲೇಔಟಿನಲ್ಲಿ ನಿವೇಶನ ಕೊಂಡು, ಒತ್ತುವರಿ ತೆರವಿನ ಜೆಸಿಬಿ ಬಂದು ನಿಂತಾಗ ಸಂಗತಿ ತಿಳಿದ ಬೆಂಗಳೂರಿನ ಕುಟುಂಬಗಳಿಗೆ ಆ ಒಂದು ನೋಟ ಮೊದಲೇ ಸಿಕ್ಕಿದ್ದರೆ ಜೀವಮಾನದ ಉಳಿತಾಯ ಉಳಿಯುತ್ತಿತ್ತು. ಜಮೀನಿನ ಒಂದು ಭಾಗ ಮಾರುವಾಗ 11ಇ ನಕ್ಷೆ ಬೇಕೆಂಬ ನಿಯಮವೂ ಇದೇ ಕೆಲಸ ಮಾಡುತ್ತದೆ: ಯಾವ ತುಂಡು, ಯಾವ ಮೂಲೆ ಎಂಬುದು ಕ್ರಯಕ್ಕೆ ಮೊದಲೇ ತೀರ್ಮಾನವಾಗಬೇಕು.

ಇಲ್ಲಿ ಟೀಕಾಕಾರರ ಜೊತೆ ನಾನೂ ಒಂದು ಮಾತು ಸೇರಿಸುತ್ತೇನೆ. ಕಂಪ್ಯೂಟರಿನ ದಾಖಲೆ ಒಡೆತನದ ಕೊನೆಯ ಪುರಾವೆಯಲ್ಲ. ನೋಂದಣಿಯಿಂದ ಒಡೆತನದ ಊಹೆ ಮಾತ್ರ ಹುಟ್ಟುತ್ತದೆ, ಒಡೆತನವೇ ಖಚಿತವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಬಿಹಾರದ ಸಮೀವುಲ್ಲಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಖಾತೆ ತೆರಿಗೆಯ ಲೆಕ್ಕವೇ ಹೊರತು ಹಕ್ಕುಪತ್ರವಲ್ಲ. 1978ರ ಪಿಟಿಸಿಎಲ್ ಕಾಯ್ದೆಯಡಿ ಬರುವ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನೋ ಅಲ್ಲವೋ ಎಂದು ಖಾತ್ರಿಯಾಗಲು ಇವತ್ತಿಗೂ ಹಳೆಯ ಮಂಜೂರಾತಿ ಕಡತವನ್ನೇ ನೋಡಬೇಕು. ಹಾಗಾದರೆ ಆಗಬೇಕಾದದ್ದೇನು? ಆ ಕಡತವೂ ತೆರೆಯಬೇಕು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಗಳ ಹಳೆಯ ಕಾಗದವನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕೆಲಸ 2024ರಲ್ಲಿ ಆರಂಭವಾಗಿದೆ. ಅದೇ ಸರಿಯಾದ ದಿಕ್ಕು.

3. "ಇ-ಖಾತಾ ಕಿರುಕುಳ, ಮಧ್ಯವರ್ತಿ ಹೋಗಿಲ್ಲ, ಸೈಬರ್ ಅಂಗಡಿಗೆ ಬಂದಿದ್ದಾನೆ"

ಇದು ನೊಂದವರ ಮಾತು, ಹಾಗಾಗಿ ತಾಳ್ಮೆಯಿಂದ ಕೇಳಬೇಕು. ಇ-ಖಾತಾ ಇಲ್ಲದೆ ನೋಂದಣಿಯಿಲ್ಲ ಎಂದಾಗ ಆಸ್ಪತ್ರೆ ಖರ್ಚಿಗೆ ನಿವೇಶನ ಮಾರಬೇಕಾದವರು ಸಿಕ್ಕಿಬಿದ್ದರು. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ಸೈಬರ್ ದಾಳಿ ನಡೆದು ರಾಜ್ಯದಾದ್ಯಂತ ನೋಂದಣಿ ಕುಸಿಯಿತು. ವಯಸ್ಸಾದವರು, ಓದು ಬಾರದವರು ಅರ್ಜಿ ತುಂಬಲು ದುಡ್ಡು ಕೊಟ್ಟು ಬೇರೆಯವರ ಮೊರೆ ಹೋದರು. ಇದ್ಯಾವುದೂ ಸುಳ್ಳಲ್ಲ.

ಆದರೆ ಇ-ಖಾತಾ ಬರುವ ಮೊದಲು ಏನಿತ್ತು ಎಂಬುದನ್ನು ಮರೆಯಬಾರದು. ಕಲರ್ ಪ್ರಿಂಟರ್ ಇದ್ದವನು ಖಾತಾ ಪ್ರತಿ ಸೃಷ್ಟಿಸುತ್ತಿದ್ದ. ಒಂದೇ ನಿವೇಶನ ಇಬ್ಬರು ಮೂವರಿಗೆ ಮಾರಾಟವಾಗುತ್ತಿತ್ತು. ಬೆಂಗಳೂರಿನಲ್ಲಿ 'ಖಾತಾ ಇದೆ' ಎಂದು ಹೇಳಿ ಮಾರಿ, ಅದು ಎ ಖಾತಾ ಅಲ್ಲ, ಅನುಮೋದನೆಯಿಲ್ಲದ ಆಸ್ತಿಯ ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ಬಿ ವಹಿ ಎಂಬುದನ್ನು ಬಚ್ಚಿಡುತ್ತಿದ್ದರು. ಕೊಂಡವನಿಗೆ ಅದು ತಿಳಿಯುತ್ತಿದ್ದದ್ದು ಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದಾಗ. ಈಗ ಇ-ಖಾತಾದಲ್ಲಿ ಆಸ್ತಿಯ ಗುರುತಿನ ಸಂಖ್ಯೆ, ಫೋಟೋ, ಸ್ಥಳದ ಗುರುತು, ಮಾಲೀಕರ ಆಧಾರ್ ದೃಢೀಕರಣ ಇವೆ. ಅದು ಕಾವೇರಿ ತಂತ್ರಾಂಶಕ್ಕೆ ನೇರವಾಗಿ ಹೋಗುತ್ತದೆ. ನಕಲಿ ಕಾಗದ ತಂದು ಮೇಜಿನ ಮೇಲಿಡುವ ಅವಕಾಶವೇ ಅಲ್ಲಿಲ್ಲ. ಕಾವೇರಿ 2.0ರಲ್ಲಿ ಪತ್ರವನ್ನು ಮೊದಲೇ ಅಪ್‌ಲೋಡ್ ಮಾಡಿ, ಸಬ್ ರಿಜಿಸ್ಟ್ರಾರ್ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು, ಫೋಟೋ ಮತ್ತು ಹೆಬ್ಬೆಟ್ಟಿಗೆ ಮಾತ್ರ ಕಚೇರಿಗೆ ಹೋದರಾಯಿತು. ಇಡೀ ದಿನ ಕಚೇರಿಯ ಜಗಲಿಯಲ್ಲಿ ಕಾದು ಕೂತವರಿಗೆ ಇದರ ಬೆಲೆ ಗೊತ್ತು.

ನೊಂದವರಿಗೆ ನ್ಯಾಯ ಸಿಗುವುದು ಸರ್ಕಾರ ತನ್ನ ಕೆಲಸ ಮೊದಲು ಮುಗಿಸಿದಾಗ. ಖಾತೆ ಬದಲಾವಣೆಯ ಪುರಾವೆ ಕೊಡದಿದ್ದರೆ ನೋಂದಣಿ ನಿರಾಕರಿಸಬಹುದೆಂಬ ಬಿಹಾರದ ನಿಯಮವನ್ನು ಸುಪ್ರೀಂ ಕೋರ್ಟ್ ಅದೇ ಸಮೀವುಲ್ಲಾ ತೀರ್ಪಿನಲ್ಲಿ ರದ್ದು ಮಾಡಿತು. ಅಂಥ ನಿಯಮ ಮಾಡುವ ಅಧಿಕಾರ ಅಲ್ಲಿನ ನೋಂದಣಿ ಇಲಾಖೆಗೆ ಇರಲಿಲ್ಲ, ದಾಖಲೆ ಸಿದ್ಧಪಡಿಸುವ ಕೆಲಸವೂ ಅಲ್ಲಿ ಮುಗಿದಿರಲಿಲ್ಲ. ನಮ್ಮ ಟೀಕಾಕಾರರು ಈ ತೀರ್ಪನ್ನು ತಂತ್ರಜ್ಞಾನದ ವಿರುದ್ಧದ ತೀರ್ಪೆಂದು ಎತ್ತಿ ತೋರಿಸುತ್ತಾರೆ. ಪೂರ್ತಿ ಓದಿದರೆ ಅದೇ ತೀರ್ಪು ಭೂದಾಖಲೆಗೆ ಬ್ಲಾಕ್‌ಚೈನ್‌ನಂಥ ತಂತ್ರಜ್ಞಾನ ಬಳಸುವ ಬಗ್ಗೆ ಅಧ್ಯಯನ ಮಾಡಲು ಕಾನೂನು ಆಯೋಗಕ್ಕೆ ಸೂಚಿಸಿದೆ. ಅದರಿಂದ ನಾವು ಕಲಿಯಬೇಕಾದ ಪಾಠ ಇಷ್ಟು: ಸರ್ಕಾರದ ಕಡೆಯ ಕೆಲಸ ಬಾಕಿಯಿದ್ದಾಗ ನಾಗರಿಕನ ಬಾಗಿಲು ಮುಚ್ಚಬೇಡಿ. ಸರ್ವರ್ ಕೆಟ್ಟ ದಿನಕ್ಕೆ ಪರ್ಯಾಯ ಇರಲಿ, ತುರ್ತು ಪ್ರಕರಣಗಳಿಗೆ ಪ್ರತ್ಯೇಕ ಕೌಂಟರ್ ಇರಲಿ, ಸರ್ಕಾರಿ ನೌಕರರ ಕೈತಪ್ಪನ್ನು ತಿದ್ದುವ ಖರ್ಚು ಸರ್ಕಾರದ್ದೇ ಆಗಲಿ.

4. "ಎಲ್ಲ ಆನ್‌ಲೈನ್ ಆದದ್ದರಿಂದಲೇ ವಂಚಕರಿಗೆ ಸಲೀಸಾಯಿತು"

2023ರಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. ನೋಂದಾಯಿತ ಪತ್ರಗಳ ಪ್ರತಿಗಳಿಂದ ಹೆಬ್ಬೆಟ್ಟಿನ ಗುರುತು ಕದ್ದು, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಬ್ಯಾಂಕ್ ಖಾತೆಗಳಿಂದ ಹಣ ಎಗರಿಸಿದರು. ಆಸ್ತಿ ಕೊಂಡದ್ದೇ ಅಪರಾಧವೇನೋ ಎಂಬಂತೆ ಜನ ಕಂಗಾಲಾದರು. ನಂತರ ನಮ್ಮ ನೋಂದಣಿ ಇಲಾಖೆ ಬೆರಳಚ್ಚುಗಳನ್ನು ಮರೆಮಾಚುವ ಕ್ರಮಕ್ಕೆ ಮುಂದಾಯಿತು, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಹೇಳಲಾಯಿತು.

ಈ ಘಟನೆಯಲ್ಲಿ ಬಯಲಾದದ್ದು ಯಾರಿಗೂ ಕಾಣಬೇಕಿಲ್ಲದ ವಸ್ತು. ಆಸ್ತಿ ಯಾರದು, ಅದರ ಮೇಲೆ ಎಷ್ಟು ಸಾಲ, ಯಾವ ವ್ಯಾಜ್ಯ ಎಂಬುದು ಸಾರ್ವಜನಿಕರಿಗೆ ತಿಳಿಯಬೇಕು. ಮಾಲೀಕನ ಬೆರಳಚ್ಚು, ಆಧಾರ್ ಸಂಖ್ಯೆ, ಫೋನ್ ನಂಬರ್ ತಿಳಿಯಬೇಕಿಲ್ಲ. ಈ ಗೆರೆ ಎಳೆಯುವುದು ಸರ್ಕಾರದ ಹೊಣೆ. ಗೆರೆ ಎಳೆಯದೆ ತಪ್ಪಿದ್ದಕ್ಕೆ ಪಾರದರ್ಶಕತೆಯ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ.

ಕಾಗದದ ಕಾಲದ ವಂಚನೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಮಾಲೀಕ ವಿದೇಶದಲ್ಲಿರುವ ಖಾಲಿ ನಿವೇಶನ ಪತ್ತೆಹಚ್ಚಿ, ಅವನ ಹೆಸರಿನಲ್ಲಿ ಬೇರೊಬ್ಬನನ್ನು ನಿಲ್ಲಿಸಿ ಕ್ರಯ ಮಾಡಿಸುವುದು, ಸತ್ತವರ ಹೆಸರಿನಲ್ಲಿ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ ಸೃಷ್ಟಿಸುವುದು ಆಗಿನ ಮಾಮೂಲಿ ದಾರಿಗಳು. ಜಿಪಿಎ ಮೂಲಕ ಮಾಡಿದ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದ ಮೇಲೂ ಅದು ನಿಲ್ಲಲಿಲ್ಲ. ನಕಲಿ ದಾಖಲೆಯ ನೋಂದಣಿ ನಿರಾಕರಿಸುವ, ಮೋಸದಿಂದ ಆದದ್ದನ್ನು ಜಿಲ್ಲಾ ನೋಂದಣಾಧಿಕಾರಿ ರದ್ದು ಮಾಡುವ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ ಅಂಗೀಕರಿಸಿದ್ದು 2023ರಲ್ಲಿ. ಅಲ್ಲಿಯವರೆಗೆ ವಂಚನೆಗೊಳಗಾದ ಮಾಲೀಕನಿಗೆ ವರ್ಷಗಟ್ಟಲೆ ಸಿವಿಲ್ ದಾವೆಯೊಂದೇ ಗತಿಯಾಗಿತ್ತು.

5. "ರೇರಾ ಹಲ್ಲು ಕಿತ್ತ ಹಾವು, ಅದರಿಂದ ಬೆಲೆ ಏರಿದ್ದಷ್ಟೇ ಲಾಭ"

ರೇರಾ ಆದೇಶ ಕೊಟ್ಟರೂ ಹಣ ಕೈಗೆ ಬರುವುದಿಲ್ಲ ಎಂಬ ದೂರು ನಿಜ. ಬಿಲ್ಡರ್ ಬಡ್ಡಿ ಸಮೇತ ಹಣ ಹಿಂದಿರುಗಿಸಬೇಕೆಂದು ಆದೇಶವಾಗುತ್ತದೆ, ವಸೂಲಿ ಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ. ನೂರೆಂಟು ಕೆಲಸಗಳ ನಡುವೆ ಅದು ಅಲ್ಲೇ ಕೂರುತ್ತದೆ. ಕರ್ನಾಟಕದಲ್ಲಿ ಹೀಗೆ ಬಾಕಿ ಉಳಿದ ಮೊತ್ತ ದೊಡ್ಡದು. ಇದನ್ನು ಸಮರ್ಥಿಸುವುದಕ್ಕೆ ನಾನು ಬಂದಿಲ್ಲ. ರೇರಾಕ್ಕೆ ಸ್ವಂತ ವಸೂಲಿ ಸಿಬ್ಬಂದಿ ಕೊಡಬೇಕು, ಆದೇಶ ಪಾಲಿಸದ ಬಿಲ್ಡರನ ಹೊಸ ಯೋಜನೆಗಳಿಗೆ ನೋಂದಣಿ ಕೊಡಬಾರದು.

ಆದರೆ ರೇರಾದ ಮುಖ್ಯ ಕೆಲಸ ದೂರು ಕೇಳುವುದಷ್ಟೇ ಅಲ್ಲ, ದೂರು ಹುಟ್ಟದಂತೆ ತಡೆಯುವುದೂ ಹೌದು. 2016ರ ಕಾಯ್ದೆ 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಅದಕ್ಕೆ ಮೊದಲು ಬ್ರೋಷರಿನ ಬಣ್ಣದ ಚಿತ್ರ ನೋಡಿ ಜನ ಹಣ ಕಟ್ಟುತ್ತಿದ್ದರು. ಒಂದು ಅಪಾರ್ಟ್‌ಮೆಂಟಿಗೆಂದು ಪಡೆದ ಹಣದಲ್ಲಿ ಬಿಲ್ಡರ್ ಇನ್ನೊಂದು ಕಡೆ ಜಮೀನು ಕೊಳ್ಳುತ್ತಿದ್ದ, ಮೊದಲನೆಯದು ಕಂಬಗಳ ಮಟ್ಟಕ್ಕೇ ನಿಲ್ಲುತ್ತಿತ್ತು. ಈಗ ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿಡಬೇಕು, ಕೆಲಸ ಮುಂದುವರಿದಷ್ಟೇ ತೆಗೆಯಬೇಕು. ನೋಂದಾಯಿತ ಕರಾರು ಇಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮಾರಾಟ ಕಾರ್ಪೆಟ್ ಏರಿಯಾ ಲೆಕ್ಕದಲ್ಲಿ. ಹಸ್ತಾಂತರದ ನಂತರ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರನೇ ಸರಿಪಡಿಸಬೇಕು. ಮಂಜೂರಾದ ನಕ್ಷೆ, ಕೆಲಸದ ಪ್ರಗತಿ ಇವೆಲ್ಲ ರೇರಾ ಜಾಲತಾಣದಲ್ಲಿ ಮೂರು ತಿಂಗಳಿಗೊಮ್ಮೆ ಹೊಸದಾಗಬೇಕು.

ಬೆಲೆ ಏರಿದ್ದು ರೇರಾದಿಂದ ಎನ್ನುವವರು ಜಮೀನು, ಸಿಮೆಂಟು, ಕಬ್ಬಿಣ, ಕೂಲಿ ಏರಿದ್ದನ್ನು ಹೇಳುವುದಿಲ್ಲ. ನಿಂತುಹೋದ ಯೋಜನೆಗೆ ಹಣ ಕಟ್ಟಿ, ಒಂದು ಕೈಯಲ್ಲಿ ಬಾಡಿಗೆ ಇನ್ನೊಂದು ಕೈಯಲ್ಲಿ ಸಾಲದ ಕಂತು ಕಟ್ಟುತ್ತಿರುವ ಕುಟುಂಬದ ನಷ್ಟವನ್ನೂ ಅವರು ಲೆಕ್ಕಕ್ಕೆ ತರುವುದಿಲ್ಲ. ದೆಹಲಿ ಸುತ್ತಮುತ್ತ ಹೀಗೆ ಸಿಕ್ಕಿಬಿದ್ದವರ ಅಳಲು ಕೇಳಿ ಬ್ಯಾಂಕ್ ಮತ್ತು ಬಿಲ್ಡರುಗಳ ಒಳಒಪ್ಪಂದದ ಬಗ್ಗೆ ಸಿಬಿಐ ತನಿಖೆಗೆ 2025ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಸ್ವಾಧೀನಾನುಭವ ಪತ್ರ, ಅಂದರೆ ಓಸಿ ನೋಡದೆ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬಾರದು ಎಂದು 2024ರ ಡಿಸೆಂಬರಿನಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಕಣ್ಣುಮುಚ್ಚಿ ಕೊಟ್ಟ ಸಾಲದ ಬೆಲೆಯನ್ನು ಕೊನೆಗೆ ತೆತ್ತವನು ಸಾಲಗಾರನೇ.

6. "ಬ್ಯಾಂಕಿನಲ್ಲಿ ಕಾಗದ ಹೆಚ್ಚಾಯಿತು, ಸಾಲಗಾರನಿಗೇನೂ ಸಿಗಲಿಲ್ಲ"

ಈ ವಾದಕ್ಕೆ ಒಂದು ಲೆಕ್ಕವೇ ಉತ್ತರ. ಒಬ್ಬರು 30 ಲಕ್ಷ ರೂಪಾಯಿ ಗೃಹಸಾಲವನ್ನು ಶೇ 7ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದುಕೊಂಡರು ಎನ್ನಿ. ತಿಂಗಳ ಕಂತು ಸುಮಾರು 23,259 ರೂಪಾಯಿ. ಸಾಲ ತೆಗೆದ ಕೆಲವೇ ದಿನಕ್ಕೆ ಬಡ್ಡಿ ಶೇ 9ಕ್ಕೆ ಏರಿತು, ಬ್ಯಾಂಕ್ ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಬೆಳೆಸಿತು. ಈಗ ತಿಂಗಳ ಬಡ್ಡಿಯೇ 22,500 ರೂಪಾಯಿ. ಕಂತಿನಲ್ಲಿ ಅಸಲಿಗೆ ಹೋಗುವುದು 759 ರೂಪಾಯಿ ಮಾತ್ರ. 20 ವರ್ಷದ ಸಾಲ ತೀರಲು 38 ವರ್ಷ ಬೇಕು! ಮೂವತ್ತೈದರ ವಯಸ್ಸಿನಲ್ಲಿ ಸಾಲ ಮಾಡಿದವರು ಎಪ್ಪತ್ತಮೂರರವರೆಗೆ ಕಟ್ಟಬೇಕು. ಇದು ಬರೀ ಊಹೆಯ ಲೆಕ್ಕವಲ್ಲ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 4ರಿಂದ 6.5ಕ್ಕೆ ಏರಿದಾಗ ಲಕ್ಷಾಂತರ ಸಾಲಗಾರರ ಅವಧಿ ಹೀಗೆ ಸದ್ದಿಲ್ಲದೆ ಬೆಳೆಯಿತು. ಕಂತು ಬದಲಾಗದ್ದರಿಂದ ಅನೇಕರಿಗೆ ತಿಳಿಯಲೇ ಇಲ್ಲ.

ಇದಕ್ಕೆ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಕಡಿವಾಣ ಹಾಕಿತು. ಬಡ್ಡಿ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು. ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆ ಅವನಿಗೇ ಕೊಡಬೇಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಂದು ಆದೇಶ ಬಂತು: ಸಾಲ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2024ರ ಅಕ್ಟೋಬರಿನಿಂದ ಹೊಸ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ವಿವರಪಟ್ಟಿ ಕಡ್ಡಾಯ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿದ ನಿಜವಾದ ವಾರ್ಷಿಕ ವೆಚ್ಚ ಅದರಲ್ಲಿರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ಅವನ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು.

ಬಡ್ಡಿ ಇಳಿಕೆಯ ವಿಷಯಕ್ಕೂ ಬರೋಣ. 2019ರ ಅಕ್ಟೋಬರಿಗೆ ಮೊದಲು ಬ್ಯಾಂಕ್ ತನ್ನದೇ ಒಳಲೆಕ್ಕದಿಂದ ದರ ನಿರ್ಧರಿಸುತ್ತಿತ್ತು. ಏರಿಕೆ ಬೇಗ ಬರುತ್ತಿತ್ತು, ಇಳಿಕೆ ತಡವಾಗುತ್ತಿತ್ತು. ಈಗ ಬ್ಯಾಂಕುಗಳ ಹೊಸ ಫ್ಲೋಟಿಂಗ್ ದರದ ಗೃಹಸಾಲ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿದೆ, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆ ಆಗಲೇಬೇಕು. 2025ರಲ್ಲಿ ರೆಪೊ ಶೇ 6.5ರಿಂದ 5.25ಕ್ಕೆ ಇಳಿದದ್ದನ್ನು ಪತ್ರಿಕೆಯಲ್ಲಿ ಓದಿದ ಸಾಲಗಾರ ಅದೇ ಲೆಕ್ಕ ಹಿಡಿದು ಬ್ಯಾಂಕನ್ನು ಕೇಳಬಲ್ಲ. ಬ್ಯಾಂಕಿನ ಒಳಲೆಕ್ಕದ ಹಳೆಯ ಎಂಸಿಎಲ್‌ಆರ್ ದರದ ಸಾಲದಲ್ಲೇ ಉಳಿದವರಿಗೆ ಈ ಇಳಿಕೆ ತಾನಾಗಿ ಬರುವುದಿಲ್ಲ, ಗೃಹಸಾಲ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಇದು ಇನ್ನೂ ಮುಚ್ಚದ ಕಂಡಿ, ಮುಚ್ಚಬೇಕು. ಕಂಡಿ ಇದೆಯೆಂದು ಕೋಟೆಯೇ ಬೇಡವೆನ್ನಲಾಗದು.

7. "ಸ್ಕೋರ್ ನೋಡಿ ಸಾಲ ಕೊಟ್ಟರೆ ಬಡವರು ಹೊರಗುಳಿಯುತ್ತಾರೆ"

ಟೀಕೆಗಳಲ್ಲೆಲ್ಲ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಸಂಬಳದ ಚೀಟಿ ಇಲ್ಲದ ಗಾರೆ ಕೆಲಸದವರು, ಹೂ ಮಾರುವವರು, ಆಟೋ ಓಡಿಸುವವರು ಸಿಬಿಲ್ ಸ್ಕೋರಿನ ಪಟ್ಟಿಯಲ್ಲಿ ಹಿಂದೆ ಬೀಳುತ್ತಾರೆ. ಸ್ಕೋರ್ ನೋಡುವ ಯಂತ್ರ 'ಬೇಡ' ಎಂದರೆ ಅವರ ಪಾಲಿಗೆ ಬಾಗಿಲು ಮುಚ್ಚಿತು.

ಆದರೆ ಯಂತ್ರವಿಲ್ಲದ ಕಾಲದಲ್ಲಿ ಇವರಿಗೆ ಗೃಹಸಾಲ ಸಿಗುತ್ತಿತ್ತೇ? ಮ್ಯಾನೇಜರಿಗೆ ಪರಿಚಯ ಹೇಳುವವರಿದ್ದವರಿಗೆ ಸಿಗುತ್ತಿತ್ತು, ಉಳಿದವರು ಮೀಟರ್ ಬಡ್ಡಿಯವನ ಮನೆಗೆ ಹೋಗುತ್ತಿದ್ದರು. ಇವತ್ತು ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲ್ ನಡೆಸುವವರೊಬ್ಬರ ಗಲ್ಲಾಪೆಟ್ಟಿಗೆಯ ಬಹುಪಾಲು ಯುಪಿಐ ಮೂಲಕ ಬ್ಯಾಂಕ್ ಖಾತೆಗೆ ಬೀಳುತ್ತದೆ. 2021ರಿಂದ ಇರುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಅವರು ಒಪ್ಪಿಗೆ ಕೊಟ್ಟರೆ ಆ ವಹಿವಾಟನ್ನೇ ಆದಾಯದ ಪುರಾವೆಯಾಗಿ ತೋರಿಸಬಹುದು. ಹಿಂದೆ ಅವರ ದುಡಿಮೆಗೆ ಸಾಕ್ಷಿಯೇ ಇರಲಿಲ್ಲ.

ಸ್ಕೋರಿನ ಯಜಮಾನಿಕೆಗೂ ಮಿತಿ ಬಂದಿದೆ. ಸಾಲದ ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ತಿರಸ್ಕರಿಸಬೇಡಿ ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ವರ್ಷಕ್ಕೊಮ್ಮೆ ಪೂರ್ಣ ಕ್ರೆಡಿಟ್ ವರದಿ ಉಚಿತ. ಅದರಲ್ಲಿ ತಪ್ಪಿದ್ದು ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಾನು ಕೇಳುವುದು ಇನ್ನೂ ಒಂದು ಹೆಜ್ಜೆ: ಯಂತ್ರ ಬೇಡವೆಂದರೆ ಏಕೆ ಬೇಡವೆಂದಿತು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು, ಆ ಅರ್ಜಿಯನ್ನು ಒಬ್ಬ ಅಧಿಕಾರಿ ಮತ್ತೊಮ್ಮೆ ನೋಡಬೇಕು. ಇದು ಪಾರದರ್ಶಕತೆ ಸಾಲದಾಗಿದೆ ಎಂಬ ದೂರು, ಹೆಚ್ಚಾಗಿದೆ ಎಂಬ ದೂರಲ್ಲ.

ಕೊನೆಯ ಮಾತು

ಏಳು ವಾದಗಳನ್ನೂ ಒಟ್ಟಿಗಿಟ್ಟು ನೋಡಿದರೆ ಅವುಗಳಲ್ಲಿ ನಿಜವಾದ ಪ್ರತಿಯೊಂದು ದೂರೂ ಅರ್ಧಕ್ಕೆ ನಿಂತ ಕೆಲಸದ ಬಗ್ಗೆ ಇದೆ. ತಿದ್ದದ ಹೆಸರು, ಕೆಟ್ಟ ಸರ್ವರ್, ಮರೆಮಾಡದ ಬೆರಳಚ್ಚು, ವಸೂಲಾಗದ ರೇರಾ ಆದೇಶ, ಕಾರಣ ಹೇಳದ ಯಂತ್ರ. ಇವುಗಳಲ್ಲಿ ಒಂದಕ್ಕೂ ಹಳೆಯ ಕಡತದಲ್ಲಿ ಪರಿಹಾರವಿಲ್ಲ. ಆದ್ದರಿಂದ ಟೀಕಾಕಾರರಲ್ಲಿ ನನ್ನ ವಿನಂತಿ: ನಿಮ್ಮ ಸಿಟ್ಟನ್ನು ಈ ಕೆಲಸ ಮುಗಿಸಲು ಬಳಸಿ, ನಾವೂ ಜೊತೆಗಿರುತ್ತೇವೆ.

ಓದುಗರಿಗೆ ನನ್ನ ಕಳಕಳಿಯ ಮಾತು ಇಷ್ಟೇ. ದಾಖಲೆ ತೆರೆದಿದ್ದರೂ ನೋಡದಿದ್ದರೆ ಅದರಿಂದ ಪ್ರಯೋಜನವಿಲ್ಲ. ಒಂದು ರೂಪಾಯಿ ಮುಂಗಡ ಕೊಡುವ ಮೊದಲು ಕನಿಷ್ಠ 30 ವರ್ಷದ ಇಸಿ ತೆಗೆಸಿ. ಸೆರ್ಸಾಯ್‌ನಲ್ಲಿ ಹುಡುಕಿ. ಇ-ಖಾತಾ ಯಾವ ವರ್ಗದ್ದು ಎಂದು ನೋಡಿ. ಫ್ಲ್ಯಾಟ್ ಆದರೆ ರೇರಾ ಸಂಖ್ಯೆ, ಓಸಿ ಕೇಳಿ. ಮೂಲಪತ್ರಗಳನ್ನು ಅನುಭವಿ ವಕೀಲರಿಗೆ ತೋರಿಸಿ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ವಿವರಪಟ್ಟಿಯನ್ನು ಕನ್ನಡದಲ್ಲಿ ಕೇಳಿ ಪಡೆದು ಓದಿ. ಬ್ಯಾಂಕ್ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ. ಈ ಹಕ್ಕುಗಳು ಇವತ್ತು ನಮ್ಮ ಕೈಯಲ್ಲಿವೆ. ಬಳಸಿದರೆ ಉಳಿಯುತ್ತವೆ.